ಪಾರ್ಟಿಯ ಖರ್ಚಿನಲ್ಲಿ ಪಾಲು ಕೇಳುವುದು ಹೇಗೆ?

ಕರೆದು ಊಟ ಹಾಕಿದವರು ಎಲೆ ಎತ್ತಿದ ಮೇಲೆ ಲೆಕ್ಕ ಒಪ್ಪಿಸುವುದು ನಮ್ಮಲ್ಲಿ ಹಿಂದೆಯೂ ಇರಲಿಲ್ಲ, ಈಗಲೂ ಯಾರೂ ಅದನ್ನು ಮೆಚ್ಚುವುದಿಲ್ಲ. ಹಾಗೆಂದು ಹೊಸ ವರ್ಷದ ಕೂಟ, ಸಹೋದ್ಯೋಗಿಯ ಬೀಳ್ಕೊಡುಗೆ, ಎಸ್ಸೆಸ್ಸೆಲ್ಸಿ ಬ್ಯಾಚಿನ ಸ್ನೇಹ ಸಮ್ಮಿಲನ, ಸಕಲೇಶಪುರದ ಹೋಂಸ್ಟೇಯಲ್ಲಿ ಗೆಳೆಯರೊಂದಿಗೆ ಒಂದು ರಾತ್ರಿ ಇಂಥವೆಲ್ಲ ಒಬ್ಬರ ಜೇಬಿನಿಂದಲೇ ನಡೆಯಬೇಕೆಂದು ಬಯಸುವುದೂ ನ್ಯಾಯವಲ್ಲ. ಪಾಲು ಕೇಳುವುದರಲ್ಲಿ ತಪ್ಪೇನೂ ಇಲ್ಲ; ಆದರೆ ಅತಿಥಿ ‘ಬರುತ್ತೇನೆ’ ಎನ್ನುವುದಕ್ಕೆ ಮೊದಲೇ, ಮೊತ್ತದ ಸಮೇತ ಕೇಳಬೇಕು.

ಸಮಾರಂಭ ಯಾರದು ಎಂಬುದು ಮೊದಲು ಇತ್ಯರ್ಥವಾಗಲಿ

ಮಗುವಿನ ಹುಟ್ಟುಹಬ್ಬ, ಗೃಹಪ್ರವೇಶ, ಮದುವೆಯ ವಾರ್ಷಿಕೋತ್ಸವ ಇವು ನಿಮ್ಮ ಮನೆಯ ಸಂತೋಷಗಳು. ಅವುಗಳ ಖರ್ಚು ನಿಮ್ಮದೇ. ಕೈಯಲ್ಲಿ ಹಣ ಸಾಲದಿದ್ದರೆ ಪಾರ್ಟಿ ಹಾಲ್ ಬಿಟ್ಟು ಮನೆಯಲ್ಲೇ ಕೇಸರಿಬಾತು, ಖಾರಾಬಾತು, ಕಾಫಿ ಕೊಟ್ಟು ಮುಗಿಸಬಹುದು, ಅದರಿಂದ ಯಾರ ಮರ್ಯಾದೆಯೂ ಕಡಿಮೆಯಾಗುವುದಿಲ್ಲ. ಮದುವೆಗಳಲ್ಲಿ ಮುಯ್ಯಿ ಪಡೆಯುವ ಪದ್ಧತಿ ಇದೆಯಲ್ಲ ಎಂದು ಕೆಲವರು ವಾದಿಸುವುದುಂಟು. ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಕೊಟ್ಟವರ ಮನೆಯ ಮದುವೆಗೆ ಸ್ವಲ್ಪ ಹೆಚ್ಚೇ ಸೇರಿಸಿ ಹಿಂದಿರುಗಿಸುತ್ತಾರೆ ಎಂಬುದು ನಿಜ. ಆದರೆ ಮೊತ್ತ ಕೊಡುವವರ ಇಷ್ಟಕ್ಕೆ ಬಿಟ್ಟದ್ದು, ಬಾಯಿಬಿಟ್ಟು ಯಾರೂ ಕೇಳುವುದಿಲ್ಲ. ಆದ್ದರಿಂದ ಆ ಪದ್ಧತಿಯ ಹೆಸರಿನಲ್ಲಿ ಹುಟ್ಟುಹಬ್ಬದ ಊಟಕ್ಕೆ ತಲೆಗೆ ಇಷ್ಟು ಎಂದು ವಸೂಲಿ ಮಾಡುವಂತಿಲ್ಲ.

ಎಲ್ಲರೂ ಸೇರಿ ಯೋಚಿಸಿದ ಕೂಟವಾದರೆ ವಿಷಯ ಬೇರೆ. ಅಲ್ಲಿ ನೀವು ವ್ಯವಸ್ಥೆ ನೋಡಿಕೊಳ್ಳುವವರು ಮಾತ್ರ, ಮತ್ತು ನಿಮ್ಮ ಮಾತಿನ ಧಾಟಿಯೂ ಹಾಗೆಯೇ ಇರಬೇಕು. ‘ನಮ್ಮ ಪಾರ್ಟಿಗೆ ತಪ್ಪದೆ ಬನ್ನಿ’ ಎಂದು ಕರೆದುಬಿಟ್ಟರೆ ಪಾಲು ಕೇಳುವ ಹಕ್ಕು ಅಲ್ಲಿಗೇ ಮುಗಿಯಿತು.

ಕರೆಯುವಾಗಲೇ ಮೊತ್ತ ಹೇಳಿ

‘ಸ್ವಲ್ಪ ಕಾಂಟ್ರಿಬ್ಯೂಷನ್ ಇರುತ್ತದೆ’ ಎಂಬ ಅಸ್ಪಷ್ಟ ಮಾತಿನಿಂದ ಉಪಯೋಗವಿಲ್ಲ. ಒಬ್ಬರಿಗೆ ಸ್ವಲ್ಪವೆಂದರೆ ಇನ್ನೂರು, ಇನ್ನೊಬ್ಬರಿಗೆ ಎರಡು ಸಾವಿರ. ವಾಟ್ಸ್‌ಆ್ಯಪ್ ಸಂದೇಶ ಹೀಗಿರಬಹುದು: ‘ಡಿಸೆಂಬರ್ 31ರ ರಾತ್ರಿ ನಮ್ಮ ಮನೆಯ ತಾರಸಿಯಲ್ಲಿ ಸೇರೋಣವೇ? ಕಾಫಿ, ಕುರುಕಲು ನಮ್ಮ ಕಡೆಯಿಂದ. ಊಟ ಹೊರಗಿನಿಂದ ತರಿಸುವುದರಿಂದ ದೊಡ್ಡವರಿಗೆ ತಲಾ 500 ರೂಪಾಯಿ ಆಗಬಹುದು, ಮಕ್ಕಳಿಗೆ ಇಲ್ಲ. ಬರುವವರು 26ರೊಳಗೆ ತಿಳಿಸಿ.’ ಯಾವುದಕ್ಕೆ, ಎಷ್ಟು, ಯಾವಾಗಿನೊಳಗೆ ಎಂಬ ಮೂರೂ ಇದರಲ್ಲಿವೆ. ಜೊತೆಗೆ, ಆ ತಿಂಗಳು ಕೈ ಬಿಗಿಯಿರುವವರು ‘ಊರಿಗೆ ಹೋಗುತ್ತಿದ್ದೇವೆ’ ಎಂದು ಗೌರವದಿಂದ ಹಿಂದೆ ಸರಿಯಲು ದಾರಿಯೂ ಇದೆ. ಬಾರದವರನ್ನು ಗುಂಪಿನಲ್ಲಿ ಕಾರಣ ಕೇಳಬೇಡಿ. ಹಣದ ತೊಂದರೆಯಿದೆ ಎಂದು ನಿಮಗೆ ತಿಳಿದಿರುವ ಆಪ್ತರಿಗೆ ಬೇರೆಯಾಗಿ ಫೋನ್ ಮಾಡಿ, ‘ನೀನು ಬಂದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ’ ಎನ್ನಿ. ಆ ಮಾತು ನಿಮ್ಮಿಬ್ಬರಲ್ಲೇ ಉಳಿಯಲಿ.

ಸಮಪಾಲು ಎಲ್ಲ ಕಡೆಯೂ ಸರಿಯಲ್ಲ

ಹೆಚ್ಚಿನ ಮನಸ್ತಾಪ ಹುಟ್ಟುವುದು ಇಲ್ಲಿಯೇ. ಮೊಸರನ್ನ ತಿಂದು ಎದ್ದವರಿಂದ ಬಿಯರ್, ವಿಸ್ಕಿ, ಮಟನ್ ಬಿರಿಯಾನಿಗಳ ಪಾಲನ್ನೂ ವಸೂಲಿ ಮಾಡಿದರೆ ಅವರು ಎದುರಿಗೆ ಏನೂ ಹೇಳದೆ ಕೊಟ್ಟಾರು, ಮುಂದಿನ ಬಾರಿ ಬರಲಾರರು. ಮದ್ಯದ ಲೆಕ್ಕವನ್ನು ಮೊದಲಿನಿಂದಲೇ ಪ್ರತ್ಯೇಕವಾಗಿಟ್ಟು, ಕುಡಿದವರು ಮಾತ್ರ ಹಂಚಿಕೊಳ್ಳುವುದು ಲೇಸು. ಹನ್ನೆರಡು ಮಂದಿಯ ಕೂಟದಲ್ಲಿ ಊಟಕ್ಕೆ 9,600, ಮದ್ಯಕ್ಕೆ 6,000 ರೂಪಾಯಿ ಆಯಿತೆನ್ನೋಣ. ಎಲ್ಲವನ್ನೂ ಕೂಡಿಸಿ ಹಂಚಿದರೆ ತಲಾ 1,300. ಕುಡಿದವರು ಐದೇ ಮಂದಿಯಾದರೆ ನ್ಯಾಯವಾದ ಲೆಕ್ಕದಲ್ಲಿ ಉಳಿದ ಏಳು ಮಂದಿಗೆ ತಲಾ 800, ಆ ಐವರಿಗೆ 2,000. ಸಸ್ಯಾಹಾರ, ಮಾಂಸಾಹಾರಗಳ ನಡುವಿನ ಸಣ್ಣ ವ್ಯತ್ಯಾಸವನ್ನು ಮಾತ್ರ ಕೆದಕಬೇಡಿ. ಇಡ್ಲಿ ಎಷ್ಟು ತಿಂದರೆಂದು ಎಣಿಸುವ ಮಟ್ಟಕ್ಕೆ ಇಳಿದರೆ ಕೂಟದ ಸೊಗಸೇ ಹೋಗುತ್ತದೆ.

ತಮ್ಮ ಕಾರಿನಲ್ಲಿ ನಾಲ್ವರನ್ನು ಕರೆತಂದವರ ಪೆಟ್ರೋಲ್ ಮತ್ತು ಟೋಲ್ ಖರ್ಚನ್ನು ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ. ಬೀಳ್ಕೊಡುಗೆ ಪಡೆಯುವವರಿಂದ, ಗುರುವಂದನೆಗೆ ಬಂದ ಮೇಷ್ಟರಿಂದ ಪಾಲು ಕೇಳುವ ಪ್ರಶ್ನೆಯೇ ಇಲ್ಲ.

ಹಣದ ಬದಲು ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ ಕ್ರಮ ಹೊರದೇಶದ ಕನ್ನಡಿಗರ ಕೂಟಗಳಲ್ಲಿ ಚೆನ್ನಾಗಿ ರೂಢಿಯಾಗಿದೆ. ಯಾರು ಏನು ತರುತ್ತಾರೆಂಬ ಪಟ್ಟಿ ಮೊದಲೇ ಸಿದ್ಧವಾಗಿರಬೇಕು, ಇಲ್ಲವಾದರೆ ಮೂರು ಡಬ್ಬಿ ಚಿತ್ರಾನ್ನ ಬಂದು ಪಲ್ಯವೇ ಇರುವುದಿಲ್ಲ.

ಹೋಟೆಲ್ ಬಿಲ್ ಬಂದಾಗ

ಹಂಚುವ ಮೊದಲು ಬಿಲ್ಲನ್ನು ಒಮ್ಮೆ ಓದಿ. ಸಾಮಾನ್ಯ ರೆಸ್ಟೊರೆಂಟಿನ ಊಟಕ್ಕೆ ಶೇ 5ರಷ್ಟು ಜಿಎಸ್‌ಟಿ ಕಡ್ಡಾಯ. ಸೇವಾ ಶುಲ್ಕ ಕಡ್ಡಾಯವಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂಬ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ತೆಗೆಸಬೇಕೆಂದರೆ ಹಣ ಪಾವತಿಸುವ ಮೊದಲೇ ಹೇಳಿ.

ವಸೂಲಿ ಮತ್ತು ಲೆಕ್ಕ

ಹೋಂಸ್ಟೇ ಅಥವಾ ಹಾಲ್‌ಗೆ ಮುಂಗಡ ಕೊಡಬೇಕಿದ್ದರೆ ಪಾಲಿನ ಅರ್ಧವನ್ನು ಮೊದಲೇ ಪಡೆಯಿರಿ, ಕೊನೆಯ ಗಳಿಗೆಯಲ್ಲಿ ಬಾರದವರಿಗೆ ಅದು ಹಿಂತಿರುಗುವುದೇ ಇಲ್ಲವೇ ಎಂಬುದನ್ನೂ ಆಗಲೇ ತಿಳಿಸಿ. ಯುಪಿಐನಲ್ಲಿ ಪರಿಚಿತರಿಗೆ ಹಣದ ಕೋರಿಕೆ ಕಳುಹಿಸುವ ಸೌಲಭ್ಯವನ್ನು ವಂಚನೆ ತಡೆಯುವ ಉದ್ದೇಶದಿಂದ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿರುವುದರಿಂದ, ನಿಮ್ಮ ಕ್ಯೂಆರ್ ಕೋಡನ್ನೋ ಯುಪಿಐ ಐಡಿಯನ್ನೋ ಗುಂಪಿಗೆ ಹಾಕುವುದು ಸುಲಭ. ಕೂಟ ಮುಗಿದ ಮರುದಿನವೇ ಬಿಲ್ಲುಗಳ ಫೋಟೊ ಸಹಿತ ಖರ್ಚಿನ ವಿವರ ಕಳುಹಿಸಿ. ಹಣ ಉಳಿದರೆ ಹಿಂದಿರುಗಿಸಿ. ನೂರಿನ್ನೂರು ಕಡಿಮೆ ಬಿದ್ದರೆ ಮತ್ತೆ ಕೇಳದೆ ನೀವೇ ಹಾಕಿಕೊಳ್ಳಿ.

ಕೊಡದವರ ಹೆಸರನ್ನು ಗುಂಪಿನಲ್ಲಿ ಪ್ರಕಟಿಸಬೇಡಿ. ವಾರ ಕಳೆದ ಮೇಲೆ ಖಾಸಗಿಯಾಗಿ ಒಮ್ಮೆ ನೆನಪಿಸಿ, ಆಗಲೂ ಬಾರದಿದ್ದರೆ ಆ ಮೊತ್ತವನ್ನು ಕೈಬಿಡಿ. ಮುಂದಿನ ಕೂಟಕ್ಕೆ ಅವರಿಂದ ಮುಂಗಡ ಪಡೆದರಾಯಿತು.