ಎಣ್ಣೆಹನಿಯ ಮೇಲ್ಮೈಯಲ್ಲಿ ದುಡಿಯುವ ಕಿಣ್ವಗಳು: ನನ್ನ ಅನುಭವ

ಕೊಬ್ಬಿನ ಜೀವಕೋಶದೊಳಗೆ ಒಂದು ದೊಡ್ಡ ಎಣ್ಣೆಹನಿ ಇರುತ್ತದೆ. ಉಪವಾಸ ಇದ್ದಾಗ ಅದು ಕರಗಿ, ಫ್ಯಾಟಿ ಆಸಿಡ್ ಆಗಿ ರಕ್ತಕ್ಕೆ ಸೇರುತ್ತದೆ. ಊಟ ಆಗಿ ಇನ್ಸುಲಿನ್ ಏರಿತು ಅಂದರೆ ಕರಗುವುದು ತಗ್ಗುತ್ತದೆ. ಇದನ್ನು ಶುರು ಮಾಡುವವರು ಯಾರು, ತಡೆಯುವವರು ಯಾರು? ನನ್ನ ಪಿಎಚ್.ಡಿ. ಪೂರ್ತಿ ಇದೇ ಪ್ರಶ್ನೆಯ ಸುತ್ತ ನಡೆಯಿತು.

ಮೊದಲೆಲ್ಲ ಈ ಕೆಲಸ ಎಚ್‌ಎಸ್‌ಎಲ್ ಅನ್ನುವ ಕಿಣ್ವದ್ದು ಅಂತಲೇ ಓದುತ್ತಿದ್ದರು. ಆದರೆ ಆ ಕಿಣ್ವವೇ ಇಲ್ಲದ ಇಲಿಗಳನ್ನು ಬೆಳೆಸಿದಾಗಲೂ ಕೊಬ್ಬು ಕರಗುತ್ತಲೇ ಇತ್ತು. ಕೊಬ್ಬಿನಿಂದ ಒಂದು ಫ್ಯಾಟಿ ಆಸಿಡ್ ಕಳಚಿದ ಮೇಲೆ ಉಳಿಯುವ ಡೈಗ್ಲಿಸರೈಡ್ ಮಾತ್ರ ಗುಡ್ಡೆ ಬೀಳುತ್ತಿತ್ತು. ಅಂದರೆ ಟ್ರೈಗ್ಲಿಸರೈಡಿನ (ಹನಿಯಲ್ಲಿರುವ ಕೊಬ್ಬು ಇದೇ) ಮೂರು ಫ್ಯಾಟಿ ಆಸಿಡ್‌ಗಳಲ್ಲಿ ಮೊದಲನೆಯದನ್ನು ಕತ್ತರಿಸುವ ಕಿಣ್ವ ಬೇರೆಯೇ ಇರಬೇಕಲ್ವಾ? 2004ರಲ್ಲಿ ಅದು ಸಿಕ್ಕಿತು. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿರುವ ರುಡಾಲ್ಫ್ ಝೆಕ್ನರ್ ಅವರ ಗುಂಪು ಅದಕ್ಕೆ ಎಟಿಜಿಎಲ್ ಅಂತ ಹೆಸರಿಟ್ಟಿತು. ಅದೇ ವರ್ಷ ಇನ್ನೆರಡು ಗುಂಪುಗಳು ಅದೇ ಪ್ರೋಟೀನನ್ನು ಬೇರೆ ಬೇರೆ ಹೆಸರಲ್ಲಿ ವರದಿ ಮಾಡಿದವು. 2006ರಲ್ಲಿ ಸಿಜಿಐ-58 ಅನ್ನುವ ಸಣ್ಣ ಪ್ರೋಟೀನ್ ಎಟಿಜಿಎಲ್ ಅನ್ನು ಚುರುಕುಗೊಳಿಸುತ್ತದೆ ಅಂತ ಗೊತ್ತಾಯಿತು. ನಾನು ಹಿಡಿದುಕೊಂಡದ್ದು ಈ ಜೋಡಿಯನ್ನು.

ಹೊಸದಾಗಿ ಬರುವವರು ಕಿಣ್ವದ ಬಗ್ಗೆಯೇ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕಷ್ಟ ಎಣ್ಣೆಯನ್ನು ಸಿದ್ಧ ಮಾಡುವುದರಲ್ಲೇ ಇದೆ. ಟ್ರೈಗ್ಲಿಸರೈಡ್ ನೀರಲ್ಲಿ ಕರಗುವುದಿಲ್ಲ, ಕಿಣ್ವ ಇರುವುದು ನೀರಲ್ಲಿ. ಎರಡೂ ಭೇಟಿಯಾಗುವುದು ಹನಿಯ ಮೇಲ್ಮೈಯಲ್ಲಿ ಮಾತ್ರ. ಹನಿ ದೊಡ್ಡದಾದರೆ ಮೇಲ್ಮೈ ಕಡಿಮೆ, ಸಣ್ಣದಾದರೆ ಜಾಸ್ತಿ. ಎಣ್ಣೆ ಅಷ್ಟೇ ಹಾಕಿದ್ದರೂ ಲೆಕ್ಕ ಬದಲಾಗಿಬಿಡುತ್ತದೆ.

ಕಿಣ್ವ ಎಷ್ಟು ಫ್ಯಾಟಿ ಆಸಿಡ್ ಕತ್ತರಿಸಿತು ಅಂತ ಅಳೆಯಲು ನಾನು ಮಾಡುತ್ತಿದ್ದದ್ದು ಹೀಗೆ. ವಿಕಿರಣದ ಗುರುತು ಇರುವ ಟ್ರೈಓಲಿನ್ ಅನ್ನುವ ಟ್ರೈಗ್ಲಿಸರೈಡ್ ಮತ್ತು ಎಣ್ಣೆ ನೀರಲ್ಲಿ ಹನಿಯಾಗಿ ನಿಲ್ಲಲು ನೆರವಾಗುವ ಸ್ವಲ್ಪ ಫಾಸ್ಫೋಲಿಪಿಡ್ ಎರಡನ್ನೂ ಗಾಜಿನ ಟ್ಯೂಬಿಗೆ ಹಾಕಿ, ನೈಟ್ರೋಜನ್ ಗಾಳಿ ಬಿಟ್ಟು ಒಣಗಿಸುವುದು. ಮಾಮೂಲಿ ಗಾಳಿಯಾದರೆ ಎಣ್ಣೆ ಆಕ್ಸಿಜನ್ ಜೊತೆ ಸೇರಿ ಕೆಡುತ್ತದೆ. ಆಮೇಲೆ ಬಫರ್ (ಪಿಎಚ್ ಏರುಪೇರಾಗದಂತೆ ಕಾಯುವ ದ್ರಾವಣ) ಹಾಕಿ, ಐಸ್ ಮೇಲೆ ಇಟ್ಟು, ಶಬ್ದದ ಅಲೆಗಳಿಂದ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುವ ಸೋನಿಕೇಟರ್ ಕೊಡುವುದು. ಮೇಲೆ ತೇಲುತ್ತಿದ್ದ ಎಣ್ಣೆ ಮಾಯವಾಗಿ ಟ್ಯೂಬ್ ಪೂರ್ತಿ ತೆಳು ಹಾಲಿನ ಹಾಗೆ ಬೆಳ್ಳಗಾಗಬೇಕು. ಅದನ್ನು ಅವತ್ತೇ ಮಾಡಿ ಅವತ್ತೇ ಬಳಸುತ್ತಿದ್ದೆ.

ಇದಕ್ಕೆ ಫ್ಯಾಟಿ ಆಸಿಡ್ ತೆಗೆದ ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಸೇರಿಸಲೇಬೇಕು. ಕತ್ತರಿಸಿ ಬಂದ ಫ್ಯಾಟಿ ಆಸಿಡ್ ಹನಿಯ ಮೇಲೇ ಉಳಿದರೆ ಕಿಣ್ವ ನಿಧಾನವಾಗುತ್ತದೆ. ಆಲ್ಬುಮಿನ್ ಅದನ್ನು ಎತ್ತಿಕೊಂಡು ಹೋಗುತ್ತದೆ, ರಕ್ತದಲ್ಲಿ ಮಾಡುವ ಹಾಗೆಯೇ. ನಂತರ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ. ಮೆಥನಾಲ್, ಕ್ಲೋರೋಫಾರ್ಮ್, ಹೆಪ್ಟೇನ್ ಮಿಶ್ರಣ ಹಾಕಿದರೆ ಕ್ರಿಯೆ ನಿಲ್ಲುತ್ತದೆ. ಜೊತೆಗೆ ಪಿಎಚ್ 10.5 ಇರುವ ಕಾರ್ಬೊನೇಟ್ ಬಫರ್. ಆ ಕ್ಷಾರದಲ್ಲಿ ಬಿಡಿ ಫ್ಯಾಟಿ ಆಸಿಡ್ ಮೇಲಿನ ನೀರಿನ ಪದರಕ್ಕೆ ಬರುತ್ತದೆ, ಕತ್ತರಿಸದೆ ಉಳಿದ ಎಣ್ಣೆ ಕೆಳಗೇ ಇರುತ್ತದೆ. ಮೇಲಿನ ಪದರ ತೆಗೆದು ವಿಕಿರಣ ಎಣಿಸುವ ಕೌಂಟರಿಗೆ ಹಾಕಿದರೆ ಆಯಿತು.

ಆದರೂ ಕೌಂಟರಿನ ಅಂಕಿಯೊಂದನ್ನೇ ನಾನು ನಂಬುತ್ತಿರಲಿಲ್ಲ. ಜೊತೆಗೆ ಎಣ್ಣೆಯ ಬಗೆಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವ ಟಿಎಲ್‌ಸಿ ಪ್ಲೇಟ್ ಓಡಿಸುತ್ತಿದ್ದೆ. ಹೆಕ್ಸೇನ್, ಈಥರ್, ಅಸೆಟಿಕ್ ಆಸಿಡ್ 70:30:1 ಅಳತೆಯಲ್ಲಿ. ದ್ರಾವಕ ಮೇಲೇರಿದ ಮೇಲೆ ಪ್ಲೇಟನ್ನು ಅಯೋಡಿನ್ ಹರಳು ಇರುವ ಗಾಜಿನ ಜಾರಿನಲ್ಲಿ ಇಟ್ಟರೆ, ಒಂದೊಂದೇ ಕಂದು ಚುಕ್ಕೆ ಮೂಡುತ್ತದೆ. ತುಂಬಾ ಮೇಲೆ ಟ್ರೈಗ್ಲಿಸರೈಡ್, ಅದರ ಕೆಳಗೆ ಫ್ಯಾಟಿ ಆಸಿಡ್, ಇನ್ನೂ ಕೆಳಗೆ ಡೈಗ್ಲಿಸರೈಡ್. ಫಾಸ್ಫೋಲಿಪಿಡ್ ಹಾಕಿದ ಜಾಗದಿಂದ ಅಲ್ಲಾಡುವುದೇ ಇಲ್ಲ. ಗ್ಲೌಸ್ ಇಲ್ಲದೆ ಪ್ಲೇಟ್ ಮುಟ್ಟಿದ್ದರೆ ಬೆರಳಚ್ಚು ಕೂಡ ಅಷ್ಟೇ ಚೆನ್ನಾಗಿ ಮೂಡುತ್ತದೆ, ನಮ್ಮ ಚರ್ಮದಲ್ಲೂ ಎಣ್ಣೆ ಇದೆಯಲ್ಲ. ಹೊರಗೆ ತೆಗೆದ ಮೇಲೆ ಬಣ್ಣ ಬೇಗ ಮಾಸುತ್ತದೆ. ಹಾಗಾಗಿ ಚುಕ್ಕೆ ಗುರುತು ಮಾಡಲು ಪೆನ್ಸಿಲ್ ಕೈಯಲ್ಲೇ ಇರಬೇಕು.

ಸಿಜಿಐ-58 ಸೇರಿಸಿದ ಟ್ಯೂಬುಗಳ ಸಾಲು ನೋಡುವುದು ನನಗೆ ಇವತ್ತಿಗೂ ಖುಷಿ. ಎಟಿಜಿಎಲ್ ಒಂದೇ ಇದ್ದಾಗ ಮಂಕಾಗಿರುವ ಫ್ಯಾಟಿ ಆಸಿಡ್ ಚುಕ್ಕೆ, ಇವೆರಡೂ ಸೇರಿದಾಗ ದಟ್ಟವಾಗುತ್ತದೆ. ಸಿಜಿಐ-58 ನೋಡಲು ಕಿಣ್ವಗಳ ಮನೆತನದ್ದೇ. ಆದರೆ ಕತ್ತರಿಸುವ ಜಾಗದಲ್ಲಿ ಇರಬೇಕಾದ ಸೆರಿನ್ ಅನ್ನುವ ಅಮೈನೋ ಆಸಿಡ್ ಬದಲು ಆಸ್ಪರಜಿನ್ ಅನ್ನುವ ಇನ್ನೊಂದು ಇದೆ. ತಾನು ಕೊಬ್ಬನ್ನು ಕತ್ತರಿಸದು, ಕತ್ತರಿಸುವವನಿಗೆ ಬಲ ಕೊಡುತ್ತದೆ. ಸುಮ್ಮನಿರುವ ಜೀವಕೋಶದಲ್ಲಿ ಹನಿಯನ್ನು ಸುತ್ತಿಕೊಂಡ ಪೆರಿಲಿಪಿನ್ ಅನ್ನುವ ಪ್ರೋಟೀನ್ ಇದನ್ನು ಹಿಡಿದಿಟ್ಟುಕೊಂಡಿರುತ್ತದೆ. ಅಡ್ರಿನಲಿನ್ ಬಂದಾಗ ಪೆರಿಲಿಪಿನ್‌ಗೆ ಫಾಸ್ಫೇಟ್ ಅಂಟುತ್ತದೆ, ಹಿಡಿತ ಸಡಿಲವಾಗುತ್ತದೆ, ಸಿಜಿಐ-58 ಎಟಿಜಿಎಲ್ ಹತ್ತಿರ ಹೋಗುತ್ತದೆ. ಕಿಣ್ವದ ಪ್ರಮಾಣ ಎಷ್ಟಿದೆ ಅನ್ನುವುದಕ್ಕಿಂತ ಹನಿಯ ಮೇಲೆ ಯಾರು ಯಾರನ್ನು ಹಿಡಿದಿದ್ದಾರೆ ಅನ್ನುವುದೇ ಹೆಚ್ಚು ತೀರ್ಮಾನಿಸುತ್ತದೆ ಅಂತ ನನಗೆ ಮನವರಿಕೆ ಆಗಿದ್ದು ಇಲ್ಲಿ.

ಖಾಲಿ ಪ್ಲಾಸ್ಮಿಡ್‌ನ ಕಂಟ್ರೋಲ್, ಅಂದರೆ ನಮ್ಮ ಪ್ರೋಟೀನಿನ ಜೀನ್ ಇಲ್ಲದ ಡಿಎನ್‌ಎ ಉಂಗುರ ಹಾಕಿ ಮಾಡಿದ ಹೋಲಿಕೆಯ ಟ್ಯೂಬ್, ಇಲ್ಲದೆ ಯಾವ ಪ್ರಯೋಗವನ್ನೂ ಮಾಡಬೇಡಿ. 2008ರಲ್ಲಿ ಬೆಂಗಳೂರಿನ ಐಐಎಸ್‌ಸಿ ಗುಂಪು ಸಿಜಿಐ-58ಗೆ ಇನ್ನೊಂದು ಕೆಲಸವೂ ಇದೆ ಅಂತ ತೋರಿಸಿತು: ಲೈಸೊಫಾಸ್ಫಾಟಿಡಿಕ್ ಆಸಿಡ್ ಅನ್ನುವ ಲಿಪಿಡ್‌ಗೆ ಫ್ಯಾಟಿ ಆಸಿಡ್ ಸೇರಿಸುವುದು. 2014ರಲ್ಲಿ ಬೇರೊಂದು ಗುಂಪಿಗೆ ಅದು ಕಾಣಲಿಲ್ಲ. ಇ. ಕೋಲಿಯಲ್ಲಿ ಪ್ರೋಟೀನ್ ಬೆಳೆಸುವಾಗ ಒಂದು ತೊಡಕಿದೆ. ಇದೇ ಕೆಲಸ ಮಾಡುವ ಕಿಣ್ವ ಆ ಬ್ಯಾಕ್ಟೀರಿಯಾದಲ್ಲೇ ಇದೆ. ಶುದ್ಧ ಮಾಡುವ ಕಾಲಮ್‌ನಿಂದ ಇಳಿದ ಪ್ರೋಟೀನ್ ಜೆಲ್ ಮೇಲೆ ಒಂದೇ ಗೆರೆಯಾಗಿ ಕಂಡರೂ ಬ್ಯಾಕ್ಟೀರಿಯಾದ ಆ ಕಿಣ್ವ ಸ್ವಲ್ಪ ಜೊತೆಗೆ ಬಂದಿರಬಹುದು. ಇಂಥ ಚರ್ಚೆ ಓದಿದ ಮೇಲೆ ಕಂಟ್ರೋಲ್ ಟ್ಯೂಬುಗಳಿಗೂ ನಾನು ಅಷ್ಟೇ ಸಮಯ ಕೊಡತೊಡಗಿದೆ.

ನನ್ನ ಕೆಲಸದ ಕೊನೆಯ ಭಾಗ ರೋಗಿಗಳಲ್ಲಿ ಸಿಕ್ಕ ಜೀನ್ ಬದಲಾವಣೆಗಳದ್ದು. ಸಿಜಿಐ-58 ಕೆಟ್ಟರೆ ಚಾನರಿನ್-ಡಾರ್ಫ್‌ಮನ್ ಸಿಂಡ್ರೋಮ್ ಬರುತ್ತದೆ. ಚರ್ಮ ಒರಟಾಗಿ ಹೊಟ್ಟಿನಂತೆ ಏಳುತ್ತದೆ, ಲಿವರಿನಲ್ಲಿ ಕೊಬ್ಬು ಸೇರುತ್ತದೆ. ರಕ್ತದ ಸ್ಲೈಡ್ ನೋಡಿದರೆ ಬಿಳಿ ರಕ್ತಕಣಗಳೊಳಗೂ ಎಣ್ಣೆಹನಿಗಳು ಕಾಣುತ್ತವೆ. ಎಟಿಜಿಎಲ್ ಕೆಟ್ಟವರಲ್ಲೂ ಹನಿಗಳು ಹೀಗೇ ಇರುತ್ತವೆ, ಆದರೆ ಚರ್ಮದ ತೊಂದರೆ ಇಲ್ಲ, ಸ್ನಾಯು ಸೋಲುತ್ತದೆ. ಹಾಗಾದರೆ ಚರ್ಮದಲ್ಲಿ ಸಿಜಿಐ-58 ಎಟಿಜಿಎಲ್ ಇಲ್ಲದೆಯೂ ಏನೋ ಮಾಡುತ್ತಿದೆ ಅಂತಾಯಿತು. ರೋಗಿಗಳಲ್ಲಿ ಕಂಡ ಬದಲಾವಣೆ ಇರುವ ಸಿಜಿಐ-58 ಮಾಡಿ ನನ್ನ ಟ್ಯೂಬಿಗೆ ಹಾಕಿದಾಗ, ಎಟಿಜಿಎಲ್ ಒಂದೇ ಇದ್ದ ಟ್ಯೂಬಿನಷ್ಟೇ ಕೌಂಟ್ ಬಂತು. ಚರ್ಮದ ಕೆಲಸ ಮಾತ್ರ ಈ ಟ್ಯೂಬಿನಲ್ಲಿ ಕಾಣುವಂಥದ್ದಲ್ಲ. ಅದಕ್ಕೆ ಈಗ ಚರ್ಮದ ಜೀವಕೋಶಗಳನ್ನೇ ಬೆಳೆಸುತ್ತಿದ್ದೇವೆ.