ಲೆಕ್ಕದಲ್ಲಿ ಅನುಮಾನ ಬಂದಾಗ: ಕೊಡಗಿನ ವ್ಯವಹಾರಸ್ಥರು ಫೊರೆನ್ಸಿಕ್ ಅಕೌಂಟೆಂಟ್ ಅವರನ್ನು ಯಾವಾಗ, ಏಕೆ ಕರೆಸಬೇಕು

ಕಾಫಿ ತೋಟ, ಹೋಂಸ್ಟೇ, ಕರಿಮೆಣಸಿನ ವ್ಯಾಪಾರ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ಪೆಟ್ರೋಲ್ ಬಂಕ್ ಹೀಗೆ ಕೊಡಗಿನ ಬಹುಪಾಲು ವ್ಯವಹಾರಗಳು ಒಂದು ಕುಟುಂಬದ ಅಥವಾ ನಾಲ್ಕಾರು ಪಾಲುದಾರರ ಕೈಯಲ್ಲಿವೆ. ಮಾಲೀಕರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನೆಲೆಸಿದ್ದು, ತೋಟದ ದಿನದ ಲೆಕ್ಕವನ್ನು ರೈಟರ್, ಮಾರಾಟವನ್ನು ಮ್ಯಾನೇಜರ್ ನೋಡಿಕೊಳ್ಳುವುದು ಇಲ್ಲಿ ಹೊಸದಲ್ಲ. ಇಂಥ ಕಡೆ ಹಣ ಸೋರುತ್ತಿದೆ ಎನ್ನಿಸಿದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಅನುಮಾನ ಬಂದವರನ್ನು ಕರೆದು ಎಲ್ಲರ ಮುಂದೆ ಪ್ರಶ್ನಿಸುವುದು. ಆ ಸಂಜೆಯೊಳಗೆ ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಕಾಣೆಯಾಗಬಹುದು, ಮೊಬೈಲಿನ ಸಂದೇಶಗಳು ಅಳಿಸಿಹೋಗಬಹುದು, ಕಾಫಿ ಕೊಂಡ ವ್ಯಾಪಾರಿಯ ಬಳಿಯಿದ್ದ ಚೀಟಿ ಬದಲಾಗಬಹುದು. ಆಮೇಲೆ ಎಷ್ಟೇ ನುರಿತವರನ್ನು ಕರೆಸಿದರೂ ಅವರ ಕೈಗೆ ಸಿಗುವುದು ಅರ್ಧ ಲೆಕ್ಕ ಮಾತ್ರ. ಆದ್ದರಿಂದ ಲೆಕ್ಕದ ಮೋಸವನ್ನು ತನಿಖೆ ಮಾಡುವ ಫೊರೆನ್ಸಿಕ್ ಅಕೌಂಟೆಂಟ್ ಅವರನ್ನು ಕರೆಸುವ ಸರಿಯಾದ ಹೊತ್ತು ಅನುಮಾನ ಹುಟ್ಟಿದ ಮೇಲೆ, ಆರೋಪ ಹೊರಿಸುವ ಮೊದಲು.

ಪ್ರತಿ ವರ್ಷ ಆಡಿಟ್ ಆಗುತ್ತಿದೆಯಲ್ಲ ಎಂದು ಕೇಳುವವರಿದ್ದಾರೆ. ವಾರ್ಷಿಕ ಲೆಕ್ಕ ಪರಿಶೋಧನೆಯ ಉದ್ದೇಶ ಬೇರೆ. ಲೆಕ್ಕಪತ್ರಗಳು ಒಟ್ಟಾರೆಯಾಗಿ ವ್ಯವಹಾರದ ನಿಜಸ್ಥಿತಿಯನ್ನು ತೋರಿಸುತ್ತವೆಯೇ ಎಂಬುದನ್ನು ಆಡಿಟರ್ ಕೆಲವು ವೋಚರ್‌ಗಳನ್ನು ಆಯ್ದು ಪರೀಕ್ಷಿಸಿ ಹೇಳುತ್ತಾರೆ. ಪ್ರತಿಯೊಂದು ಚೀಟಿಯ ಹಿಂದೆ ಯಾರಿದ್ದಾರೆ ಎಂದು ಹುಡುಕಿಕೊಂಡು ಹೋಗುವುದು ಅವರಿಗೆ ವಹಿಸಿದ ಕೆಲಸವಲ್ಲ. ಫೊರೆನ್ಸಿಕ್ ಅಕೌಂಟೆಂಟ್ ಒಂದು ನಿರ್ದಿಷ್ಟ ಪ್ರಶ್ನೆಯನ್ನು ಹಿಡಿದು, ಹಣ ಎಲ್ಲಿಂದ ಹೊರಟು ಯಾರ ಕೈ ಸೇರಿತು ಎಂಬುದನ್ನು ನ್ಯಾಯಾಲಯದಲ್ಲಿ ನಿಲ್ಲುವಂಥ ದಾಖಲೆಗಳೊಂದಿಗೆ ತೋರಿಸಬೇಕಾಗುತ್ತದೆ. 2009ರ ಜನವರಿಯಲ್ಲಿ ಐಟಿ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಅವರು, ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ತಾವೇ ಪತ್ರ ಬರೆದು ಒಪ್ಪಿಕೊಂಡರು. ಅಲ್ಲಿ ವರ್ಷ ವರ್ಷವೂ ಆಡಿಟ್ ನಡೆದಿತ್ತು. ಬ್ಯಾಂಕಿನ ಸ್ಟೇಟ್‌ಮೆಂಟನ್ನು ಸಿಬ್ಬಂದಿಯ ಕೈಯಿಂದ ಪಡೆಯದೆ ನೇರವಾಗಿ ಬ್ಯಾಂಕಿನಿಂದಲೇ ತರಿಸಬೇಕು ಎಂಬ ಪಾಠ ಹತ್ತು ಎಕರೆ ತೋಟಕ್ಕೂ ಅನ್ವಯಿಸುತ್ತದೆ.

ಕಾಫಿಯ ಲೆಕ್ಕದಲ್ಲಿ ಮೋಸ ಅಡಗುವ ಜಾಗಗಳನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಮೂಟೆಗಳ ಎಣಿಕೆ ಸರಿಯಿದ್ದರೆ ಎಲ್ಲವೂ ಸರಿಯಿದೆ ಎಂದು ಮಾಲೀಕರು ನಂಬಿಬಿಡುತ್ತಾರೆ. 50 ಕಿಲೋ ಚೆರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು) ಮೂಟೆಯಿಂದ ಎಷ್ಟು ಕಿಲೋ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ) ಸಿಗುತ್ತದೆ ಎಂಬುದೇ ಔಟ್‌ಟರ್ನ್. ರೊಬಸ್ಟಾ ಚೆರಿಯಲ್ಲಿ ಇದು ಸಾಮಾನ್ಯವಾಗಿ 26ರಿಂದ 28ರ ಆಸುಪಾಸಿನಲ್ಲಿರುತ್ತದೆ ಮತ್ತು ಬೆಲೆ ನಿಗದಿಯಾಗುವುದೂ ಇದರ ಮೇಲೆಯೇ. ಔಟ್‌ಟರ್ನಿನ ಒಂದು ಪಾಯಿಂಟಿಗೆ, ಅಂದರೆ ಒಂದು ಕಿಲೋಗೆ, 300 ರೂಪಾಯಿ ಎಂದಿಟ್ಟುಕೊಂಡರೆ, ನಿಜವಾಗಿ 28 ಬಂದ ಔಟ್‌ಟರ್ನನ್ನು 27 ಎಂದು ಬರೆದು ಸಾವಿರ ಮೂಟೆ ಮಾರಿದಾಗ ಒಂದೇ ಕೊಯ್ಲಿನಲ್ಲಿ ಮೂರು ಲಕ್ಷ ರೂಪಾಯಿ ಮಾಯವಾಗುತ್ತದೆ, ಗೋದಾಮಿನಲ್ಲಿ ಒಂದು ಮೂಟೆಯೂ ಕಡಿಮೆಯಾಗಿರುವುದಿಲ್ಲ. ಇದನ್ನು ಪತ್ತೆ ಮಾಡಲು ಗೋದಾಮಿನ ಪುಸ್ತಕ, ತೂಕದ ಚೀಟಿ, ಕ್ಯೂರಿಂಗ್ ವರ್ಕ್ಸ್ ಅಥವಾ ವ್ಯಾಪಾರಿ ಕೊಟ್ಟ ಔಟ್‌ಟರ್ನ್ ಚೀಟಿ ಮತ್ತು ಹಿಂದಿನ ವರ್ಷಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಅದೇ ರೀತಿ ಕೊಯ್ಲಿನ ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಡುವ ತೋಟದಲ್ಲಿ ಕೂಲಿ ಪಾವತಿಯ ಪುಸ್ತಕವೇ ಹಣ್ಣಿನ ತೂಕಕ್ಕೆ ಸಾಕ್ಷಿಯಾಗುತ್ತದೆ. ಕೂಲಿ ಕೊಟ್ಟ ಹಣ್ಣಿಗೂ ಕಣದಿಂದ ಮೇಲೆದ್ದ ಒಣ ಚೆರಿಗೂ ಇರುವ ಪ್ರಮಾಣ ಒಮ್ಮೆಲೇ ಕುಸಿದರೆ ಎರಡರಲ್ಲಿ ಒಂದು ನಡೆದಿರಬಹುದು: ತೂಕವನ್ನು ಹೆಚ್ಚಿಸಿ ಬರೆದು ಕೂಲಿ ಹಣ ತೆಗೆಯಲಾಗಿದೆ, ಇಲ್ಲವೇ ಕಣದಿಂದ ಕಾಫಿ ಹೊರಗೆ ಹೋಗಿದೆ. ಯಾವ ಬ್ಲಾಕಿನಲ್ಲಿ, ಯಾವ ವಾರದಲ್ಲಿ ಪ್ರಮಾಣ ಕುಸಿಯಿತು ಎಂದು ಬಿಡಿಸಿ ನೋಡಿದಾಗ ಇವೆರಡನ್ನು ಬೇರ್ಪಡಿಸಲು ಸಾಧ್ಯವಾಗುತ್ತದೆ.

ಕೊಡಗಿನ ತೋಟಗಳಲ್ಲಿ ಮಳೆಯನ್ನು ದಿನವೂ ಇಂಚಿನಲ್ಲಿ ಬರೆದಿಡುವ ಪದ್ಧತಿ ಇದೆ. ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಾಣೆ, ಏಕೆಂದರೆ ಮಳೆಯ ಪುಸ್ತಕವನ್ನು ತಿದ್ದಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ನಾಲ್ಕು ಇಂಚು ಮಳೆ ಬಿದ್ದ ದಿನ ಮೂವತ್ತು ಆಳುಗಳು ಗಿಡಗಳ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಸಿಂಪಡಿಸಿದರು ಎಂದು ಚೆಕ್‌ರೋಲ್ ಹೇಳಿದರೆ, ಆ ಮೂವತ್ತು ಹೆಸರುಗಳಲ್ಲಿ ಎಷ್ಟು ಮಂದಿ ನಿಜವಾಗಿಯೂ ಇದ್ದಾರೆ ಎಂದು ಕೇಳಲು ಆಧಾರ ಸಿಕ್ಕಿತು ಎಂದರ್ಥ.

ಹೋಂಸ್ಟೇ ಮತ್ತು ರೆಸಾರ್ಟ್‌ಗಳಲ್ಲಿ ಹಣ ಸೋರುವ ದಾರಿ ಬೇರೆ. ಮಾಲೀಕರ ಖಾತೆಯ ಕ್ಯೂಆರ್ ಕೋಡಿನ ಪಕ್ಕದಲ್ಲಿ ಸಿಬ್ಬಂದಿಯೊಬ್ಬರ ಸ್ವಂತ ಕೋಡ್ ಇರುವುದು, ಆನ್‌ಲೈನ್ ಬುಕಿಂಗ್ ರದ್ದಾಯಿತೆಂದು ತೋರಿಸಿ ಅದೇ ಅತಿಥಿಗೆ ನಗದಿನಲ್ಲಿ ಕೋಣೆ ಕೊಡುವುದು ಇಂಥವು. ಅತಿಥಿಗಳ ರಿಜಿಸ್ಟರ್, ಬಟ್ಟೆ ಒಗೆಯುವವರ ಬಿಲ್ ಮತ್ತು ರದ್ದಾದ ಬುಕಿಂಗ್‌ಗಳ ಪಟ್ಟಿಯನ್ನು ತಾಳೆ ನೋಡಿದರೆ ಇದು ಬಹುಮಟ್ಟಿಗೆ ಬಯಲಾಗುತ್ತದೆ.

ವಂಚನೆಯೊಂದೇ ಕಾರಣವಲ್ಲ. ಒಕ್ಕದ (ಕೊಡವ ಮನೆತನದ) ಆಸ್ತಿಯ ಆದಾಯವನ್ನು ಒಬ್ಬರು ನೋಡಿಕೊಂಡು ಬಂದು, ಪಾಲಿನ ಮಾತು ಎದ್ದಾಗ ಹಿಂದಿನ ಹಲವು ವರ್ಷಗಳ ಲೆಕ್ಕ ಕೇಳುವ ಸಂದರ್ಭದಲ್ಲಿ, ಪಾಲುದಾರರೊಬ್ಬರು ಸಂಸ್ಥೆಯಿಂದ ಹೊರಬರುವಾಗ, ನಡೆಯುತ್ತಿರುವ ರೆಸಾರ್ಟನ್ನು ಕೊಳ್ಳುವ ಮುನ್ನ ಅದರ ಆದಾಯವನ್ನು ಖಚಿತಪಡಿಸಿಕೊಳ್ಳಬೇಕಾದಾಗಲೂ ಇವರ ನೆರವು ಬೇಕಾಗುತ್ತದೆ. 2018ರ ಆಗಸ್ಟಿನ ಭೂಕುಸಿತದಂಥ ವಿಪತ್ತಿನಲ್ಲಿ ವ್ಯವಹಾರ ನಿಂತುಹೋದಾಗ, ಕೈತಪ್ಪುವ ಲಾಭಕ್ಕೂ ವಿಮೆ ಮಾಡಿಸಿದ್ದವರು ವಿಪತ್ತು ಬಾರದಿದ್ದರೆ ತಮಗೆ ಎಷ್ಟು ಆದಾಯ ಬರುತ್ತಿತ್ತು ಎಂಬುದನ್ನು ವಿಮಾ ಕಂಪನಿ ಒಪ್ಪುವಂತೆ ತೋರಿಸಬೇಕಾಗುತ್ತದೆ. ಆ ಲೆಕ್ಕವನ್ನು ಕಟ್ಟಿಕೊಡುವುದೂ ಇವರ ಕೆಲಸವೇ. ಸಹಕಾರ ಸಂಘಗಳಿಗೆ ಮಾತ್ರ ದಾರಿ ಬೇರೆಯಿದೆ: 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನಡಿ ವಿಚಾರಣೆ ನಡೆಸುವ ಅಧಿಕಾರ ನಿಬಂಧಕರಿಗಿದೆ.

ಎಲ್ಲ ವ್ಯತ್ಯಾಸಕ್ಕೂ ಇವರನ್ನು ಕರೆಸುವ ಅಗತ್ಯವಿಲ್ಲ. ಕೆಲವು ಸಾವಿರ ರೂಪಾಯಿಯ ತಪ್ಪನ್ನು ನಿಮ್ಮ ಆಡಿಟರ್ ಅವರೇ ನೋಡಿ ಹೇಳಬಲ್ಲರು. ಆದರೆ ವರ್ಷಗಟ್ಟಲೆ ರಜೆಯನ್ನೇ ತೆಗೆದುಕೊಳ್ಳದ ನೌಕರ, ಅನುಮೋದನೆಯ ಮಿತಿಯ ಸ್ವಲ್ಪ ಕೆಳಗೇ ನಿಲ್ಲುವ ಸಾಲುಸಾಲು ವೋಚರ್‌ಗಳು, ತೀರುವುದೇ ಇಲ್ಲದ ಮೇಸ್ತ್ರಿಯ ಮುಂಗಡ, ಬೆಲೆ ಏರಿದ ವರ್ಷವೂ ಏರದ ಆದಾಯ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ತಡಮಾಡಬಾರದು. ಇವು ಅನುಮಾನಕ್ಕೆ ಕಾರಣವಾಗಬಲ್ಲವೇ ಹೊರತು ಅಪರಾಧದ ರುಜುವಾತಲ್ಲ. ಮೂವತ್ತು ವರ್ಷ ದುಡಿದ ರೈಟರ್ ನಿರಪರಾಧಿ ಎಂದು ತನಿಖೆಯಿಂದ ತಿಳಿದುಬಂದರೆ ಅದಕ್ಕೆ ಕೊಟ್ಟ ಶುಲ್ಕ ವ್ಯರ್ಥವಾಯಿತೆಂದು ನಾನು ಖಂಡಿತ ಹೇಳಲಾರೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರುಗಳಲ್ಲಿ ಸುಳ್ಳು ಆರೋಪದಿಂದಾಗುವ ಗಾಯ ಮಾಯುವುದಿಲ್ಲ.

ಕರೆಸುವ ಮುನ್ನ ದಾಖಲೆಗಳನ್ನು ಕಾಪಾಡಿಕೊಳ್ಳಿ. ಮೂಲ ಪುಸ್ತಕಗಳ ಮೇಲೆ ಗುರುತು ಹಾಕಬೇಡಿ, ಅನುಮಾನವಿರುವ ಕಂಪ್ಯೂಟರನ್ನು ತೆರೆದು ನೀವೇ ಹುಡುಕಬೇಡಿ. ಕಡತಗಳನ್ನು ಕೊನೆಯದಾಗಿ ತೆರೆದ ದಿನಾಂಕ ಬದಲಾದರೂ, ಸಾಕ್ಷ್ಯವನ್ನು ತಿದ್ದಲಾಗಿದೆ ಎನ್ನಲು ಎದುರಾಳಿಯ ವಕೀಲರಿಗೆ ಅದೇ ಸಾಕಾಗುತ್ತದೆ. ಸಿಸಿಟಿವಿಯಲ್ಲಿ ಕೆಲವೇ ವಾರಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುವುದರಿಂದ ಅದನ್ನು ಮೊದಲು ಉಳಿಸಿಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಹ್ಯಾಶ್ ಮೌಲ್ಯವನ್ನು (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತಿನ ಸಂಕೇತ) ನಮೂದಿಸಿದ ಪ್ರಮಾಣಪತ್ರ ಬೇಕಾಗುತ್ತದೆ. ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡ ಮಾತ್ರಕ್ಕೆ ಅದು ಸಾಕ್ಷ್ಯವಾಗುವುದಿಲ್ಲ. ಕೊಯ್ಲಿನ ಅನುಮಾನವಾದರೆ ಇನ್ನೂ ಒಂದು ಆತುರವಿದೆ: ಕಾಫಿ ಗೋದಾಮಿನಲ್ಲಿರುವಾಗಲೇ ತೂಕ ಮತ್ತು ಮಾದರಿಯ ಪರೀಕ್ಷೆ ಆಗಬೇಕು, ಲಾರಿ ಕುಶಾಲನಗರ ದಾಟಿದ ಮೇಲೆ ಅಳೆಯಲು ಉಳಿಯುವುದು ಕಾಗದ ಮಾತ್ರ.

ಆಯ್ಕೆ ಮಾಡುವಾಗ ನಿಮ್ಮ ವಾರ್ಷಿಕ ಆಡಿಟರ್ ಅವರಿಗೇ ಈ ಕೆಲಸ ಕೊಡದಿರುವುದು ಲೇಸು, ಏಕೆಂದರೆ ಅವರು ಒಪ್ಪಿ ಸಹಿ ಹಾಕಿದ ಲೆಕ್ಕವೇ ಇಲ್ಲಿ ಪ್ರಶ್ನೆಗೆ ಒಳಗಾಗಿರುತ್ತದೆ. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯು ಫೊರೆನ್ಸಿಕ್ ಲೆಕ್ಕಗಾರಿಕೆ ಮತ್ತು ವಂಚನೆ ಪತ್ತೆಯ ಕುರಿತು ಪ್ರಮಾಣಪತ್ರದ ಕೋರ್ಸ್ ನಡೆಸುತ್ತದೆ. ಈ ಕೆಲಸಕ್ಕೆಂದೇ ಅದು ರೂಪಿಸಿದ ಮಾನದಂಡಗಳು 2023ರ ಜುಲೈ 1ರಿಂದ ಸದಸ್ಯರಿಗೆ ಕಡ್ಡಾಯವಾಗಿವೆ. ಆ ತರಬೇತಿ ಆಗಿದೆಯೇ, ನ್ಯಾಯಾಲಯದಲ್ಲಿ ಸಾಕ್ಷಿ ನುಡಿದ ಅನುಭವವಿದೆಯೇ, ಕಾಫಿಯ ಔಟ್‌ಟರ್ನ್ ಎಂದರೇನೆಂದು ತಿಳಿದಿದೆಯೇ ಎಂದು ನೇರವಾಗಿ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದವರು ಹೊರ ಊರಿನಿಂದ ಬಂದವರಾದರೆ, ತೋಟದ ಲೆಕ್ಕ ಬಲ್ಲ ನಂಬಿಕಸ್ಥರೊಬ್ಬರನ್ನು ಅವರ ಜೊತೆ ಕೂರಿಸಿದರೆ ಸಾಕು.

ನೇಮಕದ ಪತ್ರದಲ್ಲಿ ಯಾವ ವರ್ಷಗಳ ಲೆಕ್ಕ, ಯಾವ ಪ್ರಶ್ನೆಗೆ ಉತ್ತರ, ವರದಿ ಯಾರಿಗೆ, ಶುಲ್ಕ ಎಷ್ಟು ಎಂಬುದು ಸ್ಪಷ್ಟವಾಗಿರಲಿ. ಪತ್ತೆಯಾಗುವ ಮೊತ್ತದಲ್ಲಿ ಶೇಕಡಾವಾರು ಶುಲ್ಕವನ್ನು ಒಪ್ಪಿಕೊಳ್ಳಬೇಡಿ. ವರದಿಯ ನಿಷ್ಪಕ್ಷಪಾತವನ್ನು ಅದೊಂದೇ ಅನುಮಾನಕ್ಕೆ ಗುರಿಮಾಡುತ್ತದೆ. ಕೆಲಸವನ್ನು ಎರಡು ಹಂತ ಮಾಡಿ, ಮೊದಲು ಒಂದು ಕೊಯ್ಲಿನ ಅಥವಾ ಒಂದು ಖಾತೆಯ ಲೆಕ್ಕವನ್ನಷ್ಟೇ ನೋಡಿಸಿ, ಅದರಲ್ಲಿ ಕಂಡದ್ದರ ಮೇಲೆ ಹಿಂದಿನ ವರ್ಷಗಳಿಗೆ ಹೋಗುವುದು ಸಣ್ಣ ವ್ಯವಹಾರಕ್ಕೆ ಹಗುರ. ಅನುಮಾನಕ್ಕೆ ಒಳಗಾದವರಿಗೆ ಉತ್ತರ ಕೊಡುವ ಅವಕಾಶವನ್ನು ವರದಿ ಮುಗಿಯುವ ಮೊದಲೇ, ಅಕೌಂಟೆಂಟ್ ಅವರ ಎದುರಿನಲ್ಲಿಯೇ ಕೊಡಿಸಬೇಕು.

ವರದಿ ಕೈಗೆ ಬಂದ ಮೇಲೆ ವಕೀಲರನ್ನು ಕಂಡು, ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ನಂಬಿಕೆ ದ್ರೋಹ ಮತ್ತು 344ನೇ ಕಲಮಿನ ಸುಳ್ಳು ಲೆಕ್ಕ ಬರೆಯುವಿಕೆಯ ದೂರು ಕೊಡಬೇಕೇ, ಸಿವಿಲ್ ದಾವೆಯ ಮೂಲಕ ಹಣ ವಸೂಲು ಮಾಡಬೇಕೇ, ಅಥವಾ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಂಡು ಮುಗಿಸಬೇಕೇ ಎಂದು ತೀರ್ಮಾನಿಸಬಹುದು. ವಂಚನೆಯಿಂದ ಹುಟ್ಟಿದ ದಾವೆಯಲ್ಲಿ, 1963ರ ಕಾಲಮಿತಿ ಕಾಯ್ದೆಯ 17ನೇ ಕಲಮಿನಂತೆ, ಗಡುವಿನ ಎಣಿಕೆ ಶುರುವಾಗುವುದು ವಂಚನೆ ತಿಳಿದ ದಿನದಿಂದ ಅಥವಾ ಸಾಕಷ್ಟು ಎಚ್ಚರವಿದ್ದರೆ ತಿಳಿಯಬಹುದಾಗಿದ್ದ ದಿನದಿಂದ. ಆದ್ದರಿಂದ ಮೊದಲ ಅನುಮಾನ ಯಾವ ದಿನ, ಯಾವ ಚೀಟಿಯನ್ನು ನೋಡಿ ಬಂತು ಎಂಬುದನ್ನು ಅದೇ ದಿನ ದಿನಾಂಕ ಸಮೇತ ಬರೆದು ಸಹಿ ಹಾಕಿಡಿ.