ತಂದೂರ್ ಇಲ್ದೆ ಅಮೃತಸರಿ ಕುಲ್ಚಾ, ಕೊನೆಗೂ ತವಾಗೆ ಅಂಟ್ಕೊಳ್ತು

ಮೊನ್ನೆ ಭಾನುವಾರ ನಮ್ಮ ಭಾವ ಮೂರನೇ ಕುಲ್ಚಾಗೆ ಕೈ ಹಾಕ್ದಾಗ ನಾನೇನೂ ಮಾತಾಡ್ಲಿಲ್ಲ, ಸುಮ್ನೆ ಬೆಣ್ಣೆ ಡಬ್ಬಿ ಅವ್ರ ಹತ್ರ ತಳ್ಳಿದೆ ಅಷ್ಟೆ. ಅಮೃತಸರಿ ಕುಲ್ಚಾ ಅಂದ್ರೆ ಆಲೂಗಡ್ಡೆ ಹೂರಣ ತುಂಬಿ, ತಂದೂರ್ ಒಳಗೋಡೆಗೆ ಅಂಟಿಸಿ ಬೇಯ್ಸೋ ಪಂಜಾಬಿ ಮೈದಾ ರೊಟ್ಟಿ. ದೀಪಾವಳಿ ಟೈಮಲ್ಲಿ ಇದೇ ಭಾವ "ತಂದೂರ್ ಐಟಂ ಎಲ್ಲ ಮನೇಲಿ ಆಗಲ್ಲ ಕಣೋ, ಆಲೂ ಪರೋಟ ಅನ್ಕೊಂಡು ತಿಂದ್ಬಿಡು" ಅಂತ ನಕ್ಕಿದ್ರು. ಅವ್ರದ್ದೂ ತಪ್ಪಿಲ್ಲ ಬಿಡಿ, ಅವತ್ತು ನಾನ್ ಬಡಿಸಿದ್ದು ಪರೋಟ ಅನ್ನೋಕೂ ಲಾಯಕ್ಕಿರ್ಲಿಲ್ಲ.

ಹೊರಗಡೆ ಎರಡು ಕುಲ್ಚಾ, ಒಂದು ಬಟ್ಲು ಛೋಲೆ ಅಂದ್ರೆ ನಮ್ ಬೆಂಗ್ಳೂರಲ್ಲಿ 180-200 ರೂಪಾಯಿ ಹತ್ರ ಹತ್ರ ಆಗುತ್ತೆ, ನಾಲ್ಕು ಜನ ಹೋದ್ರೆ 800 ಖಾಲಿ. ಅದಕ್ಕೇ ಮನೇಲೇ ಮಾಡೋಣ ಅಂತ ಹೊರಟಿದ್ದು. ಉಳಿಸಿದ್ದೆಷ್ಟು ಅಂತ ಮಾತ್ರ ಕೇಳ್ಬೇಡಿ.

ಮೊದಲನೇ ಸಲ ನಾನ್‌ಸ್ಟಿಕ್ ತವಾ. ಕುಲ್ಚಾದ ಒಂದು ಮಗ್ಗುಲಿಗೆ ನೀರು ಸವರಿ, ಆ ಮಗ್ಗುಲು ಕೆಳಗೆ ಬರೋ ಹಾಗೆ ಹಾಕಿ, ಗುಳ್ಳೆ ಎದ್ಮೇಲೆ ತವಾನೇ ಉರಿ ಮೇಲೆ ಬೋರಲು ಹಿಡೀಬೇಕು, ಇದು ಎಲ್ರಿಗೂ ಗೊತ್ತಿರೋದೇ. ನಾನೂ ಹಿಡಿದೆ, ಕುಲ್ಚಾ ಧೊಪ್ ಅಂತ ಬರ್ನರ್ ಮೇಲೆ ಬಿತ್ತು. ಹೆಸರಲ್ಲೇ ಇದೆಯಲ್ಲ ಅಂಟಲ್ಲ ಅಂತ, ಆದ್ರೂ ಮೂರು ಸಲ ಟ್ರೈ ಮಾಡಿ ಕೋಟಿಂಗೂ ಹಾಳು ಮಾಡ್ಕೊಂಡೆ. 900 ರೂಪಾಯಿ ತವಾ ಅದು. ಆಮೇಲೆ ಕಬ್ಬಿಣದ್ದೇ ಬೇಕು ಅಂತ ಅಮ್ಮನ ದೋಸೆ ಹೆಂಚು ತಗೊಂಡೆ. ಅದೂ ಬಿತ್ತು! ಒಂದು ವಾರ ತಲೆ ಕೆರ್ಕೊಂಡ್ಮೇಲೆ ಹೊಳೀತು, ಹದಿನೈದು ವರ್ಷ ಎಣ್ಣೆ ಕುಡಿದು ಪಳಗಿರೋ ಹೆಂಚು ಅದು, ದೋಸೇನೇ ಅಂಟಿಸ್ಕೊಳ್ಳಲ್ಲ, ಇನ್ನು ಕುಲ್ಚಾನ ಯಾಕೆ ಹಿಡ್ಕೊಳ್ಳುತ್ತೆ? ಮೇಲಿಂದ ಎರಡು ದಿನ ದೋಸೆ ಏಳ್ಲಿಲ್ಲ ಅಂತ ಅಮ್ಮನ ಹತ್ರ ಬೈಗುಳ ಬೇರೆ.

ಮಧ್ಯದಲ್ಲಿ ಕುಕ್ಕರ್ ಪ್ರಯೋಗಾನೂ ಆಯ್ತು. ಹಳೇ ಅಲ್ಯೂಮಿನಿಯಂ ಕುಕ್ಕರ್ ಒಳಗೋಡೆಗೆ ಕುಲ್ಚಾ ಅಂಟಿಸಿ ಬೋರಲು ಹಾಕೋದು. ಬೇಯುತ್ತೆ, ಚೆನ್ನಾಗೇ ಬೇಯುತ್ತೆ, ಆದ್ರೆ ಹಿಡಿ ಸುಟ್ಟು ಮನೆ ತುಂಬ ವಾಸ್ನೆ, ಒಂದ್ಸಲಕ್ಕೆ ಎರಡೇ, ಗ್ಯಾಸ್ ಮಾತ್ರ ದುಂದು. ಯಾರೂ ಮಾಡ್ಬೇಡಿ.

ಕೊನೆಗೆ 450ಕ್ಕೋ 500ಕ್ಕೋ ಒಂದು ದಪ್ಪ ಕಬ್ಬಿಣದ ರೊಟ್ಟಿ ತವಾ ತಂದೆ. ಬಂದಾಗ ಮೇಲಿದ್ದ ಎಣ್ಣೆ ಎಲ್ಲ ಸೋಪು ಹಾಕಿ ಉಜ್ಜಿ ತೆಗೆದೆ, ಅವತ್ತಿಂದ ಒಂದು ಹನಿ ಎಣ್ಣೆ ತೋರ್ಸಿಲ್ಲ ಅದಕ್ಕೆ, ತೊಳೆದ ತಕ್ಷಣ ಬಿಸಿ ಮಾಡಿ ಒಣಗ್ಸಿಡ್ತೀನಿ ಅಷ್ಟೆ. ಒದ್ದೆ ಮೈದಾ ಬಿಸಿ ಕಬ್ಬಿಣಕ್ಕೆ ತಗುಲಿದ್ರೆ ಗೋಂದು ಥರ ಹಿಡ್ಕೊಳ್ಳುತ್ತೆ, ನಡುವೆ ಎಣ್ಣೆ ಬಂದ್ರೆ ಕಥೆ ಮುಗೀತು. ನೀರೂ ಕಂಜೂಸ್ ಮಾಡ್ಬಾರ್ದು, ಅಂಗೈ ತುಂಬ ಸವರ್ಬೇಕು.

ತವಾ ಸಿಕ್ಮೇಲೂ ಎರಡು ಭಾನುವಾರ ಹೂರಣ ಕೈ ಕೊಡ್ತು. ಆಲೂಗಡ್ಡೆ ಬಿಸೀಲೇ ಹಿಸುಕಿ ಈರುಳ್ಳಿ ಉಪ್ಪು ಎಲ್ಲ ಒಟ್ಟಿಗೆ ಕಲಸಿಟ್ಟಿದ್ದೆ, ಅರ್ಧ ಗಂಟೇಲಿ ನೀರು ಬಿಟ್ಕೊಂಡು ಲಟ್ಟಿಸುವಾಗ ಒಡೆದು ಹೋಯ್ತು. ಈಗ ಸಿಪ್ಪೆ ಸಮೇತ ಬೇಯ್ಸಿ, ರಾತ್ರಿ ಫ್ರಿಜ್ಜಲ್ಲಿಟ್ಟು, ಬೆಳಿಗ್ಗೆ ತುರಿದು, ಉಪ್ಪು ಕೊನೇ ಗಳಿಗೇಲಿ. ಕುಟ್ಟಿದ ಕೊತ್ತಂಬರಿ ಬೀಜ, ಓಮ, ಹಸಿಮೆಣ್ಸು, ಕಸೂರಿ ಮೇಥಿ, ದಾಳಿಂಬೆ ಬೀಜದ ಪುಡಿ. ಈ ಕೊನೇದು ಬಿಡ್ಬೇಡಿ, ಆಮ್‌ಚೂರ್ (ಒಣ ಮಾವಿನಕಾಯಿ ಪುಡಿ) ಹಾಕಿದ್ರೆ ಬರೀ ಹುಳಿ ಬರುತ್ತೆ, ಆ ಘಮ ಬರಲ್ಲ.

ಹಿಟ್ಟು ಅರ್ಧ ಕೆಜಿ ಮೈದಾಗೆ ಎಂಟು ಕುಲ್ಚಾ ಲೆಕ್ಕ, ನಾಲ್ಕು ಚಮಚ ಮೊಸರು, ಒಂದು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಸೋಡಾ, ಎರಡು ಗಂಟೆ ನೆನೀಲಿ. ಗೋಧಿ ಹಿಟ್ಟು ಅರ್ಧ ಬೆರೆಸಿ ನೋಡ್ದೆ, ಆರೋಗ್ಯ ಇರ್ಬೋದು, ಕುಲ್ಚಾ ಇಲ್ಲ. ಹೋಳಿಗೆ ಕಣಕದ ಥರ ಎಣ್ಣೇಲಿ ನೆನ್ಸಿದ್ರೆ ಹೂರಣ ಜಾಸ್ತಿ ತುಂಬ್ಬೋದಲ್ಲ ಅಂತ ಅದನ್ನೂ ಮಾಡ್ದೆ, ತುಂಬೋಕೇನೋ ಬೆಣ್ಣೆ ಥರ ಬಂತು, ತವಾ ತಿರುಗಿಸ್ತಿದ್ದ ಹಾಗೇ ಎಂಟೂ ಎಂಟು ಜಾರಿ ಬಿದ್ವು. ಎಣ್ಣೆ, ಮತ್ತೆ!

ಅಂಗಡಿ ಕುಲ್ಚಾ ಥರ ಪದರ ಬೇಕಂದ್ರೆ ಹಿಟ್ಟನ್ನ ತೆಳ್ಳಗೆ ಲಟ್ಟಿಸಿ, ತುಪ್ಪ ಸವರಿ, ಮೈದಾ ಉದುರಿಸಿ, ಚಾಪೆ ಥರ ಸುತ್ತಿ, ಕತ್ತರಿಸಿ, ಇಪ್ಪತ್ತು ನಿಮಿಷ ಬಿಟ್ಟು ಆಮೇಲೆ ತುಂಬ್ಬೇಕು. ತುಪ್ಪ ಒಳಗೇ ಇರ್ಬೇಕು, ಹೊರಗೆ ಬಂದ್ರೆ ಗೊತ್ತಲ್ಲ ಏನಾಗುತ್ತೆ ಅಂತ. ಆ ತುಪ್ಪಕ್ಕೆ ನಾನು ಇನ್ನೊಂದು ಸಾಮಾನು ಸೇರಿಸ್ತೀನಿ, ಅದನ್ನ ನಮ್ಮಕ್ಕಂಗೇ ಹೇಳಿಲ್ಲ, ಇಲ್ಲೂ ಹೇಳಲ್ಲ. ಲಟ್ಟಣಿಗೆ ಆದಷ್ಟು ಕಮ್ಮಿ, ಬೆರಳಲ್ಲೇ ಒತ್ತಿ.

ಉರಿಗೆ ನಾಲ್ಕು ಬೆರಳು ಮೇಲೆ ಹಿಡಿದು ತವಾ ಸುತ್ತುತ್ತಾ ಇರಿ, ಒಂದು ನಿಮಿಷದಲ್ಲಿ ಕಂದು ಚುಕ್ಕೆ ಬರುತ್ತೆ, ಆಮೇಲೆ ಚಪ್ಪಟೆ ಸೌಟಲ್ಲಿ ಕೆರೆದು ಎಬ್ಬಿಸಿ, ಬೆಣ್ಣೆ ಹಾಕಿ ಎರಡು ಕೈಯಲ್ಲೂ ಹಿಂಡಿ ಪುಡಿ ಮಾಡಿ. ಛೋಲೆ ಜತೆ ಎಲ್ಲ ಸೇರಿ 220 ರೂಪಾಯಿ ಒಳಗೆ ಎಂಟು ಬರುತ್ತೆ, ಗ್ಯಾಸ್ ಬಿಟ್ಟು. ಹುಣಸೆಹಣ್ಣು-ಈರುಳ್ಳಿ ಚಟ್ನಿ ಇನ್ನೂ ಸರಿಯಾಗಿ ಕೂತಿಲ್ಲ, ಪ್ರತಿ ಸಲ ನಮ್ಮ ಗೊಜ್ಜಿನ ಕಡೇನೇ ಎಳೀತಿದೆ.